ಜೋಡಿಯ ನಿಲುವು: ಬಾಲ್‌ರೂಮ್ ನೃತ್ಯದಲ್ಲಿ ಇಬ್ಬರು ಹೇಗೆ ನಿಲ್ಲಬೇಕು

ಬಾಲ್‌ರೂಮ್ ನೃತ್ಯ ಕಲಿಯಲು ಬರುವವರಲ್ಲಿ ಹೆಚ್ಚಿನವರು ಮೊದಲ ದಿನ ಕೇಳುವುದು ಕಾಲಿನ ವಿಚಾರ. ಯಾವ ಕಾಲು ಮೊದಲು, ಎಷ್ಟನೇ ಎಣಿಕೆಗೆ ತಿರುಗಬೇಕು, ಎಷ್ಟು ಹೆಜ್ಜೆ ಕಲಿತರೆ ರಿಸೆಪ್ಷನ್ನಿನಲ್ಲಿ ಒಂದು ಹಾಡಿಗೆ ಕುಣಿಯಬಹುದು ಎಂದು ಕೇಳುತ್ತಾರೆ. ನಾನೂ ನಮ್ಮ ಮನೆಯವರೂ 11 ವರ್ಷಗಳ ಹಿಂದೆ ಇದೇ ಪ್ರಶ್ನೆಗಳನ್ನು ಇಟ್ಟುಕೊಂಡು ತರಗತಿಗೆ ಸೇರಿದ್ದೆವು. ಮೊದಲ ಆರೇಳು ತಿಂಗಳು ಹೆಜ್ಜೆಗಳನ್ನು ಬಾಯಿಪಾಠ ಮಾಡಿದೆವು. ಆದರೂ ಜೊತೆಯಾಗಿ ಕುಣಿಯಲು ನಿಂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು, ತಿರುವು ಬಂದಾಗಲೆಲ್ಲ ನನ್ನ ಎಡ ಭುಜ ನೋಯುತ್ತಿತ್ತು, ಮನೆಗೆ ಮರಳುವ ದಾರಿಯುದ್ದಕ್ಕೂ ತಪ್ಪು ಯಾರ ಕಾಲಿನದೆಂಬ ಚರ್ಚೆ ನಡೆಯುತ್ತಿತ್ತು. ಕಾಲುಗಳು ಸರಿಯಾಗಿಯೇ ಇದ್ದವು, ಒಬ್ಬರಿಗೊಬ್ಬರು ನಿಲ್ಲಬೇಕಾದ ಜಾಗದಲ್ಲಿ ನಾವು ನಿಂತಿರಲಿಲ್ಲ ಎಂಬುದು ತಿಳಿಯುವ ಹೊತ್ತಿಗೆ ವರ್ಷವೇ ಕಳೆದಿತ್ತು. ಈಗ ಭಾನುವಾರಗಳಂದು ಜಯನಗರದ ಕಡೆಯ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಹೊಸಬರಿಗೆ ಹೇಳಿಕೊಡುವಾಗ ನಾವು ಮೊದಲ ಎರಡು ವಾರ ಹೆಜ್ಜೆಯ ಮಾತನ್ನೇ ಎತ್ತುವುದಿಲ್ಲ. ಆ ಎರಡು ವಾರಗಳಲ್ಲಿ ನಾವು ಹೇಳುವುದನ್ನೂ, ಆಮೇಲೆ ನಿಲುವುಗಳ ಅಭ್ಯಾಸಕ್ಕೆಂದು ಹೇಳಿಕೊಡುವ ಕೆಲವು ಹೆಜ್ಜೆಗಳನ್ನೂ ಇಲ್ಲಿ ಬರೆದಿದ್ದೇನೆ.

ಹಿಡಿತ ಮತ್ತು ನಿಲುವು ಎಂಬ ಎರಡನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಕೈ ಎಲ್ಲಿದೆ, ಯಾರ ಬೆರಳು ಯಾರ ತೋಳಿನ ಮೇಲಿದೆ ಎಂಬುದು ಹಿಡಿತ, ಅಂದರೆ ತರಗತಿಗಳಲ್ಲಿ ಹೇಳುವ ‘ಹೋಲ್ಡ್’. ಇಬ್ಬರ ಮೈಗಳು ಒಂದಕ್ಕೊಂದು ಯಾವ ಕೋನದಲ್ಲಿವೆ, ಎಷ್ಟು ದೂರದಲ್ಲಿವೆ, ಯಾರ ಯಾವ ಪಕ್ಕ ಹತ್ತಿರವಿದೆ ಎಂಬುದು ನಿಲುವು, ಅಂದರೆ ‘ಪೊಸಿಷನ್’. ಒಂದೇ ಹಿಡಿತದಲ್ಲಿ ನಾಲ್ಕಾರು ನಿಲುವುಗಳು ಸಾಧ್ಯ. ಒಂದೇ ನಿಲುವಿಗೆ ಬೇರೆ ಬೇರೆ ಹಿಡಿತಗಳೂ ಸಾಧ್ಯ. ಹೊಸಬರು ಕೈಗಳನ್ನು ಚಿತ್ರದಲ್ಲಿರುವಂತೆ ಜೋಡಿಸಿಕೊಂಡು ನಿಲುವು ಸರಿಯಾಯಿತೆಂದು ಭಾವಿಸುತ್ತಾರೆ, ಮತ್ತು ನಾನು ಕಂಡ ಮಟ್ಟಿಗೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ಅಲ್ಲಿಂದಲೇ ಹೊರಡುತ್ತವೆ. ಮೈ ಮೊದಲು ತನ್ನ ಜಾಗಕ್ಕೆ ಬರಬೇಕು. ಕೈ ಆಮೇಲೆ ಅದನ್ನು ಹಿಂಬಾಲಿಸಬೇಕು.

ಈ ನಿಲುವುಗಳ ಹೆಸರುಗಳು ಊರೂರಿಗೆ ಬದಲಾಗುವುದಿಲ್ಲ. ಲಂಡನ್ನಿನಲ್ಲಿ 1904ರಲ್ಲಿ ಆರಂಭವಾದ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡ್ಯಾನ್ಸಿಂಗ್ ಎಂಬ ಸಂಸ್ಥೆ 1924ರಲ್ಲಿ ಬಾಲ್‌ರೂಮ್ ವಿಭಾಗವನ್ನು ತೆರೆದು, ಹೆಜ್ಜೆಗಳಿಗೂ ನಿಲುವುಗಳಿಗೂ ಒಂದು ಪದ್ಧತಿಯನ್ನು ಕಟ್ಟಿಕೊಟ್ಟಿತು. ಆದ್ದರಿಂದ ಇಂದಿರಾನಗರದಲ್ಲಿ ಕಲಿತವರು ಬೇರೆ ದೇಶದ ಸಭಾಂಗಣದಲ್ಲಿ ಅಪರಿಚಿತರೊಡನೆ ನಿಂತರೂ ಇಬ್ಬರ ನಿಲುವೂ ಹೊಂದಿಕೊಳ್ಳುತ್ತದೆ. ಮುನ್ನಡೆಸುವವರನ್ನು ಲೀಡರ್ ಎಂದೂ ಅವರ ಸೂಚನೆಗೆ ತಕ್ಕಂತೆ ಚಲಿಸುವವರನ್ನು ಫಾಲೋವರ್ ಎಂದೂ ಕರೆಯುತ್ತಾರೆ. ಹಳೆಯ ಕೈಪಿಡಿಗಳು ಗಂಡಸು, ಹೆಂಗಸು ಎಂದೇ ಬರೆದಿದ್ದರೂ ನಮ್ಮ ತರಗತಿಯಲ್ಲಿ ತಾಯಿ ಮಗಳು ಜೋಡಿಯಾಗುವುದುಂಟು, ಗೆಳತಿಯರು ಜೋಡಿಯಾಗುವುದುಂಟು. ನಾನೂ ಎರಡೂ ಪಾತ್ರಗಳನ್ನು ಕಲಿತಿದ್ದೇನೆ, ಎಲ್ಲರೂ ಕೆಲವು ದಿನವಾದರೂ ಪಾತ್ರ ಬದಲಿಸಿ ನೋಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯ ದಿಕ್ಕಿನದು. ವಾಲ್ಟ್ಸ್, ಟ್ಯಾಂಗೋ, ಫಾಕ್ಸ್‌ಟ್ರಾಟ್ ಮುಂತಾದ ಸಾಗುವ ನೃತ್ಯಗಳಲ್ಲಿ ಎಲ್ಲ ಜೋಡಿಗಳೂ ಸಭಾಂಗಣವನ್ನು ಒಂದೇ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಾರೆ. ಇದಕ್ಕೆ ಲೈನ್ ಆಫ್ ಡಾನ್ಸ್ ಎಂದು ಹೆಸರು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ಗರ್ಭಗುಡಿ ನಮ್ಮ ಬಲಗಡೆಗಿರುತ್ತದೆ. ಇಲ್ಲಿ ಸಭಾಂಗಣದ ನಡುಭಾಗ ಎಡಗಡೆಗಿರುತ್ತದೆ, ಗೋಡೆ ಬಲಗಡೆಗಿರುತ್ತದೆ. ಚಿಕ್ಕಂದಿನಿಂದ ಪ್ರದಕ್ಷಿಣೆ ಅಭ್ಯಾಸವಾದ ನಮ್ಮಂಥವರಿಗೆ ‘ಪ್ರದಕ್ಷಿಣೆಗೆ ತಿರುಗುಮುರುಗು’ ಎಂದು ನೆನಪಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಮುಂದೆ ‘ಗೋಡೆಯ ಕಡೆಗೆ ಓರೆ’ ಎಂದರೆ ಸಾಗುವ ದಿಕ್ಕಿಗೂ ಗೋಡೆಗೂ ನಡುವಿನ ಕೋನ, ‘ನಡುವಿನ ಕಡೆಗೆ ಓರೆ’ ಎಂದರೆ ಸಾಗುವ ದಿಕ್ಕಿಗೂ ಸಭಾಂಗಣದ ನಡುಭಾಗಕ್ಕೂ ಮಧ್ಯದ ಕೋನ ಎಂದು ತಿಳಿಯಬೇಕು.

ಕ್ಲೋಸ್ಡ್ ಪೊಸಿಷನ್

ಉಳಿದೆಲ್ಲ ನಿಲುವುಗಳೂ ಹೊರಡುವುದು ಕ್ಲೋಸ್ಡ್ ಪೊಸಿಷನ್ನಿನಿಂದ, ಮರಳಿ ಬರುವುದೂ ಅಲ್ಲಿಗೇ. ಆದ್ದರಿಂದ ಇದಕ್ಕೆ ಸಾಕಷ್ಟು ಸಮಯ ಕೊಡಿ.

ಇಬ್ಬರೂ ಎದುರುಬದುರಾಗಿ ಪಾದಗಳನ್ನು ಜೋಡಿಸಿ, ಕೈಗಳನ್ನು ಇಳಿಬಿಟ್ಟು ನಿಲ್ಲಿ. ಮೂಗಿಗೆ ಮೂಗು ನೇರವಾಗಿದ್ದರೆ ಒಬ್ಬರು ಮುಂದಿಟ್ಟ ಕಾಲು ಇನ್ನೊಬ್ಬರ ಕಾಲಿಗೆ ತಾಗದೆ ಗತ್ಯಂತರವಿಲ್ಲ. ಆದ್ದರಿಂದ ಇಬ್ಬರೂ ತಮ್ಮ ತಮ್ಮ ಎಡಕ್ಕೆ ಸ್ವಲ್ಪ ಸರಿಯಬೇಕು. ಹೀಗೆ ಸರಿದಾಗ ನಿಮ್ಮ ಬಲ ಪಾದದ ತುದಿ ಎದುರಿನವರ ಎರಡು ಪಾದಗಳ ನಡುವಿನ ಸಂದಿಗೆ ನೇರವಾಗುತ್ತದೆ, ಅವರ ಬಲ ಪಾದ ನಿಮ್ಮ ಪಾದಗಳ ನಡುವಿಗೆ ನೇರವಾಗುತ್ತದೆ. ಇಬ್ಬರಿಗೂ ಜೊತೆಗಾರರು ತಮ್ಮ ಬಲಗಡೆಗೆ ಇದ್ದಂತೆ ತೋರಬೇಕು. ಈ ಒಂದು ಸಣ್ಣ ಸರಿತವನ್ನು ಬಿಟ್ಟು ಎಷ್ಟು ಅಭ್ಯಾಸ ಮಾಡಿದರೂ ಮೊಣಕಾಲುಗಳು ತಾಗುವುದು ನಿಲ್ಲುವುದಿಲ್ಲ. ನಮ್ಮಿಬ್ಬರ ಆರೇಳು ತಿಂಗಳು ಕಳೆದುಹೋದದ್ದು ಇದೇ ಕಾರಣಕ್ಕೆ. ಮೊಸಾಯಿಕ್ ಅಥವಾ ಟೈಲ್ಸ್ ನೆಲವಿದ್ದರೆ ಅದರ ಒಂದು ಗೆರೆಯನ್ನೇ ಗುರುತಾಗಿಸಿಕೊಳ್ಳಿ: ಇಬ್ಬರ ಬಲ ಪಾದಗಳೂ ಆ ಗೆರೆಯ ಪಕ್ಕಪಕ್ಕದಲ್ಲಿ, ಎಡ ಪಾದಗಳು ಅದರಿಂದ ದೂರದಲ್ಲಿ ಇರಬೇಕು.

ಆಮೇಲೆ ಮೈಯ ಭಾರ. ಓಡುವ ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲಬೇಕಾಗಿ ಬಂದವರು ತಮಗೆ ತಿಳಿಯದೆಯೇ ಮೊಣಕಾಲನ್ನು ಸಡಿಲಿಸಿ, ಭಾರವನ್ನು ಹಿಮ್ಮಡಿಯಿಂದ ಪಾದದ ಮುಂಭಾಗಕ್ಕೆ ತಂದುಕೊಂಡಿರುತ್ತಾರೆ. ಅದೇ ನಿಲುವು ಇಲ್ಲಿಯೂ ಬೇಕು. ಹಿಮ್ಮಡಿಯ ಮೇಲೆ ಕುಳಿತಂತೆ ನಿಂತರೆ ಜೊತೆಗಾರರು ನಿಮ್ಮನ್ನು ಎಳೆದು ಹೊರಡಿಸಬೇಕಾಗುತ್ತದೆ. ಬೆನ್ನು ನೀಳವಾಗಿರಲಿ, ಭುಜಗಳು ಕಿವಿಯಿಂದ ಕೆಳಕ್ಕೆ ಇಳಿದಿರಲಿ, ಉಸಿರು ಸರಾಗವಾಗಿರಲಿ. ಇಬ್ಬರೂ ತಲೆಯನ್ನು ತಮ್ಮ ಎಡಕ್ಕೆ ತುಸು ತಿರುಗಿಸಿ ಜೊತೆಗಾರರ ಬಲ ಭುಜದ ಮೇಲಿನಿಂದ ದೂರಕ್ಕೆ ನೋಡಬೇಕು. ಮುಖಕ್ಕೆ ಮುಖ ಕೊಟ್ಟು ನೋಡುವ ಆಸೆ ಸಹಜವೇ, ಆದರೆ ಹಾಗೆ ನೋಡಿದ ಕೂಡಲೇ ಇಬ್ಬರೂ ಮತ್ತೆ ಮೂಗಿಗೆ ಮೂಗು ನೇರವಾಗಿ ಜಾರುತ್ತಾರೆ. ನೆಲವನ್ನು ನೋಡುವುದಂತೂ ಬೇಡವೇ ಬೇಡ. ತಲೆ ಬಗ್ಗಿದರೆ ಅದರ ಭಾರಕ್ಕೆ ಬೆನ್ನೂ ಬಗ್ಗುತ್ತದೆ.

ಈಗ ಕೈಗಳು. ಲೀಡರ್ ತಮ್ಮ ಬಲ ಅಂಗೈಯನ್ನು, ಬೆರಳುಗಳನ್ನು ಜೋಡಿಸಿ, ಫಾಲೋವರ್‌ನ ಎಡ ಭುಜದ ಹಿಂಬದಿಯ ಚಪ್ಪಟೆ ಮೂಳೆಯ ಮೇಲೆ ಇಡಬೇಕು. ಸೊಂಟದ ಮೇಲೆ ಇಡುವುದು ಸಿನಿಮಾದ ಪದ್ಧತಿ. ಅಲ್ಲಿಂದ ಯಾವ ಸೂಚನೆಯೂ ಸರಿಯಾಗಿ ತಲುಪುವುದಿಲ್ಲ. ಫಾಲೋವರ್ ತಮ್ಮ ಎಡ ತೋಳನ್ನು ಲೀಡರ್‌ನ ಬಲ ತೋಳಿನ ಮೇಲೆ ಹಗುರವಾಗಿ ಹಾಸಿ, ಬೆರಳುಗಳನ್ನು ಅವರ ಮೇಲ್ತೋಳಿನ ಮೇಲೆ, ಭುಜಕ್ಕಿಂತ ಸ್ವಲ್ಪ ಕೆಳಗೆ ಇಡಬೇಕು. ಲೀಡರ್‌ನ ಎಡ ಕೈ ಮತ್ತು ಫಾಲೋವರ್‌ನ ಬಲ ಕೈ ಪಕ್ಕದಲ್ಲಿ ಕೂಡಬೇಕು. ಇಬ್ಬರಲ್ಲಿ ಕುಳ್ಳಗಿರುವವರ ಕಣ್ಣಿನ ಎತ್ತರ ಆ ಕೈಗಳಿಗೆ ಸರಿಯಾದ ಎತ್ತರ. ಮೊಣಕೈಗಳು ಬೆನ್ನಿನ ಸಾಲಿಗಿಂತ ಹಿಂದಕ್ಕೆ ಹೋಗಬಾರದು. ಇದನ್ನು ಪರೀಕ್ಷಿಸಲು ಒಬ್ಬರೇ ಗೋಡೆಗೆ ಬೆನ್ನು ತಾಗಿಸಿ ನಿಂತು, ಜೊತೆಗಾರರನ್ನು ಹಿಡಿದಂತೆ ತೋಳುಗಳನ್ನು ಎತ್ತಿ ನೋಡಿ. ಮೊಣಕೈ ಗೋಡೆಗೆ ಒತ್ತಿದರೆ ಅದು ಹಿಂದಿದೆಯೆಂದು ಅರ್ಥ. ಗೋಡೆಯಿಂದ ನಾಲ್ಕು ಬೆರಳು ಮುಂದಿದ್ದರೆ ಸರಿ. ಈ ತೋಳುಗಳ ಚೌಕಟ್ಟಿಗೆ ಫ್ರೇಮ್ ಎನ್ನುತ್ತಾರೆ. ಫ್ರೇಮನ್ನು ಹೊತ್ತು ನಿಲ್ಲುವುದು ಬೆನ್ನಿನ ಕೆಲಸ. ಇಬ್ಬರೂ ತಮ್ಮ ತಮ್ಮ ತೋಳಿನ ಭಾರವನ್ನು ತಾವೇ ಹೊರಬೇಕು. ಫಾಲೋವರ್ ತೋಳನ್ನು ಪೂರ್ತಿಯಾಗಿ ಇಳಿಬಿಟ್ಟರೆ ಒಂದೇ ಹಾಡಿನೊಳಗೆ ಲೀಡರ್‌ನ ಬಲ ಭುಜ ಸೋಲುತ್ತದೆ.

ಎಷ್ಟು ಹತ್ತಿರ ನಿಲ್ಲಬೇಕೆಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರ ಮುಖದಲ್ಲಿಯೂ ಅದು ಇರುತ್ತದೆ. ಸ್ಪರ್ಧೆಯ ವಾಲ್ಟ್ಸ್‌ನಲ್ಲಿ ಇಬ್ಬರ ಮೈಯ ಬಲ ಮುಂಭಾಗ, ಪಕ್ಕೆಲುಬಿನ ಕೆಳಗಿನಿಂದ ತೊಡೆಯ ಮೇಲ್ಭಾಗದವರೆಗೆ, ತಾಗಿಕೊಂಡೇ ಇರುತ್ತದೆ. ಈ ಸಾಮೀಪ್ಯಕ್ಕೆ ಹಿಂಜರಿದವರು ನಾವು ಮಾತ್ರವಲ್ಲ: ಲಂಡನ್ನಿನ ಅರಮನೆಯ ಔತಣದಲ್ಲಿ ವಾಲ್ಟ್ಸ್ ಕುಣಿದದ್ದನ್ನು 1816ರಲ್ಲಿ ‘ದಿ ಟೈಮ್ಸ್’ ಪತ್ರಿಕೆ ಅಸಭ್ಯವೆಂದು ಖಂಡಿಸಿತ್ತು. ನಮ್ಮ ಊರಿಗೆ ಈ ಬಗೆಯ ನೃತ್ಯ ಬಂದದ್ದು ಪೇಟೆಯ ದಾರಿಯಿಂದಲ್ಲ, ದಂಡಿನ ದಾರಿಯಿಂದ. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶ, 1868ರಲ್ಲಿ ಹುಟ್ಟಿದ ಬೆಂಗಳೂರು ಕ್ಲಬ್ಬಿನಂಥ ಸಂಸ್ಥೆಗಳು, ಅಲ್ಲಿನ ಆಂಗ್ಲೋ-ಇಂಡಿಯನ್ ಕುಟುಂಬಗಳ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಕುಣಿತಗಳು ಇದನ್ನು ಉಳಿಸಿಕೊಂಡು ಬಂದವು. ಬಸವನಗುಡಿಯಲ್ಲಿ ಬೆಳೆದ ನನ್ನಂಥವರ ಮನೆಗಳಲ್ಲಿ ಇದರ ಪರಿಚಯವೇ ಇರಲಿಲ್ಲ. ಆದ್ದರಿಂದ ಹೊಸಬರು ನಡುವೆ ಒಂದು ಗೇಣು ಅಂತರವಿಟ್ಟುಕೊಂಡೇ ಆರಂಭಿಸಲಿ. ಇದಕ್ಕೆ ಪ್ರಾಕ್ಟೀಸ್ ಹೋಲ್ಡ್ ಎಂದು ಹೆಸರಿದೆ, ಇದರಲ್ಲಿ ನಾಚಿಕೆಪಡುವ ಮಾತೇನೂ ಇಲ್ಲ, ಸಾಮಾಜಿಕ ನೃತ್ಯದಲ್ಲಿ ಎಷ್ಟೋ ಜನ ಜೀವನಪೂರ್ತಿ ಹೀಗೆಯೇ ಕುಣಿಯುತ್ತಾರೆ. ಅಂತರ ಎಷ್ಟಿರಬೇಕೆಂದು ನಿರ್ಧರಿಸುವ ಹಕ್ಕು ಹೆಚ್ಚು ದೂರ ಬಯಸುವವರದು. ಲೀಡರ್ ಎಂದೂ ಬೆನ್ನಿನ ಮೇಲಿನ ಕೈಯಿಂದ ಹತ್ತಿರಕ್ಕೆ ಎಳೆದುಕೊಳ್ಳಬಾರದು.

ಬಟ್ಟೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರೇಷ್ಮೆ ಸೀರೆಯುಟ್ಟ ಫಾಲೋವರ್‌ನ ಬೆನ್ನಿನ ಮೇಲೆ ಲೀಡರ್‌ನ ಕೈ ನಿಲ್ಲುವುದಿಲ್ಲ, ಸೆರಗಿನೊಡನೆ ಜಾರುತ್ತದೆ. ಸೆರಗನ್ನು ಮಡಿಕೆ ಹಾಕಿ ಭುಜದ ಮೇಲೆ ಪಿನ್ ಮಾಡುವುದರ ಜೊತೆಗೆ ಬೆನ್ನಿನ ಹಿಂದೆ ಇಳಿದ ತುದಿಯನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಕೈಗೆ ಜಾಗ ಸಿಗುತ್ತದೆ. ನೆರಿಗೆ ನೆಲಕ್ಕಿಂತ ಎರಡು ಬೆರಳು ಮೇಲಿರಲಿ, ಹಿಂದಕ್ಕೆ ಇಡುವ ಹೆಜ್ಜೆ ಸೀರೆಯಲ್ಲಿ ಚಿಕ್ಕದಾಗುವುದರಿಂದ ಲೀಡರ್ ಮುಂದಿಡುವ ಹೆಜ್ಜೆಯೂ ಅಷ್ಟೇ ಚಿಕ್ಕದಾಗಿರಲಿ. ಬಲಗೈಯ ಗಾಜಿನ ಬಳೆಗಳನ್ನು ಆ ಹೊತ್ತಿಗೆ ತೆಗೆದಿಡುವುದು ಒಳ್ಳೆಯದು.

ಟ್ಯಾಂಗೋದಲ್ಲಿ ಬದಲಾಗುವುದೇನು

ಟ್ಯಾಂಗೋದಲ್ಲಿಯೂ ಹೆಸರು ಕ್ಲೋಸ್ಡ್ ಪೊಸಿಷನ್ನೇ, ಆದರೆ ಅದು ಇನ್ನಷ್ಟು ಬಿಗಿ. ಫಾಲೋವರ್ ಲೀಡರ್‌ನ ಬಲಕ್ಕೆ ಇನ್ನೂ ಸ್ವಲ್ಪ ಸರಿದಿರುತ್ತಾರೆ. ಲೀಡರ್‌ನ ಬಲ ಕೈ ಬೆನ್ನಿನ ಮೇಲೆ ಇನ್ನಷ್ಟು ಒಳಕ್ಕೆ, ಬೆನ್ನುಮೂಳೆಯ ಕಡೆಗೆ ಹೋಗುತ್ತದೆ. ಫಾಲೋವರ್‌ನ ಎಡ ಕೈ ಲೀಡರ್‌ನ ತೋಳಿನ ಮೇಲಿರುವ ಬದಲು ಅದರ ಹಿಂಬದಿಯಲ್ಲಿ, ಕಂಕುಳಿನ ಹತ್ತಿರ ಕೆಳಗಿನಿಂದ ಆತುಕೊಳ್ಳುತ್ತದೆ. ಲೀಡರ್‌ನ ಬಲ ಪಾದ ಎಡ ಪಾದಕ್ಕಿಂತ ತುಸು ಹಿಂದಿರುತ್ತದೆ, ಇಬ್ಬರ ಮೊಣಕಾಲುಗಳೂ ನೃತ್ಯದುದ್ದಕ್ಕೂ ಬಗ್ಗಿರುತ್ತವೆ. ವಾಲ್ಟ್ಸ್‌ನಲ್ಲಿ ಮೈ ಅಲೆಯಂತೆ ಏರಿ ಇಳಿಯುತ್ತದೆ, ಟ್ಯಾಂಗೋದಲ್ಲಿ ಆ ಏರಿಳಿತವೇ ಇಲ್ಲ. ವಾಲ್ಟ್ಸ್‌ನ ನಿಲುವನ್ನೇ ಇಟ್ಟುಕೊಂಡು ಟ್ಯಾಂಗೋ ಕುಣಿಯಲು ಹೊರಟವರಿಗೆ ಅದರ ಥಟ್ಟನೆ ತಿರುಗುವ ಚುರುಕು ಎಂದಿಗೂ ಸಿಗುವುದಿಲ್ಲ, ಏಕೆಂದರೆ ಆ ಚುರುಕು ಬರುವುದು ಇಬ್ಬರ ನಡುವೆ ಸಡಿಲವಾದ ಜಾಗವಿಲ್ಲದಿರುವುದರಿಂದ.

ಪ್ರೊಮನಾಡ್

ಕ್ಲೋಸ್ಡ್ ಪೊಸಿಷನ್ನಿನಿಂದ ಹೊರಬರುವ ಮೊದಲ ಬಾಗಿಲು ಪ್ರೊಮನಾಡ್. ಲೀಡರ್‌ನ ಬಲ ಪಕ್ಕ ಮತ್ತು ಫಾಲೋವರ್‌ನ ಎಡ ಪಕ್ಕ ಹತ್ತಿರವೇ ಉಳಿದು, ಅವರ ಇನ್ನೊಂದು ಪಕ್ಕಗಳು ತೆರೆದುಕೊಂಡಾಗ ಮೇಲಿನಿಂದ ನೋಡಿದವರಿಗೆ ಅರ್ಧ ತೆರೆದಿಟ್ಟ ಪುಸ್ತಕದಂತೆ ಕಾಣುವ ನಿಲುವು ಇದು. ಇಬ್ಬರೂ ಆ ತೆರೆದ ಬಾಯಿಯ ಕಡೆಗೆ ನೋಡುತ್ತಾರೆ, ಅದೇ ದಿಕ್ಕಿಗೆ ಸಾಗುತ್ತಾರೆ. ಅಂದರೆ ಫಾಲೋವರ್‌ನ ತಲೆ ಈಗ ಬಲಕ್ಕೆ ತಿರುಗಿರುತ್ತದೆ. ಲೀಡರ್‌ನ ತಲೆ ಎಡಕ್ಕೇ ಇರುತ್ತದೆ.

ಪುಸ್ತಕವನ್ನು ಪೂರ್ತಿ ತೆರೆದು ಚಪ್ಪಟೆ ಮಾಡುವುದು ಇಲ್ಲಿನ ಸಾಮಾನ್ಯ ದೋಷ. ಇಬ್ಬರೂ ಮದುವೆಯ ಫೋಟೋಗೆ ನಿಂತವರಂತೆ ಪಕ್ಕಪಕ್ಕದಲ್ಲಿ ಒಂದೇ ಸಾಲಿಗೆ ಬಂದುಬಿಟ್ಟರೆ ಮರಳಿ ಕ್ಲೋಸ್ಡ್ ಪೊಸಿಷನ್ನಿಗೆ ಸೇರಲು ಬಹಳ ದೂರ ತಿರುಗಬೇಕಾಗುತ್ತದೆ, ಅಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಇದಕ್ಕೆ ಕಾರಣ ಹೆಚ್ಚಾಗಿ ಲೀಡರ್‌ನ ಬಲಗೈ. ಫಾಲೋವರ್‌ನನ್ನು ತೆರೆಯಬೇಕೆಂದು ಅವರು ಆ ಕೈಯನ್ನು ಹಿಂದಕ್ಕೆ ಎಳೆಯುತ್ತಾರೆ. ನನ್ನ ಎಡ ಭುಜ ನೋಯುತ್ತಿದ್ದದ್ದೂ ಈ ಕಾರಣಕ್ಕೇ. ನಮ್ಮ ಊಟದ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಒಂದು ಸಂಜೆ ನಾನು, “ರೀ, ಕೈ ಎಳೀಬೇಡಿ. ನಿಮ್ಮ ಮೈ ತಿರುಗಿಸಿ ಸಾಕು, ನಾನಾಗಿ ಬರ್ತೀನಿ” ಎಂದೆ. ಅವರು ಬಲಗೈಯನ್ನು ಪೂರ್ತಿಯಾಗಿ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡು, ಸೊಂಟದಿಂದ ಮೇಲಿನ ಮೈಯನ್ನಷ್ಟೇ ತುಸು ತಿರುಗಿಸಿದರು. ನಾನು ಯೋಚಿಸದೆಯೇ ತೆರೆದುಕೊಂಡೆ. ಆ ದಿನದಿಂದ ಪ್ರೊಮನಾಡನ್ನು ನಾವು ಎಲ್ಲರಿಗೂ ಕೈಗಳಿಲ್ಲದೆಯೇ ಕಲಿಸುತ್ತೇವೆ.

ಅದನ್ನು ಕಲಿಯಲು ವಾಲ್ಟ್ಸ್‌ನ ವಿಸ್ಕ್ ಎಂಬ ಮೂರು ಹೆಜ್ಜೆಗಳು ಸಾಕು. ವಾಲ್ಟ್ಸ್ ಮೂರು ಎಣಿಕೆಯ ತಾಳ, ನಮ್ಮ ‘ತಕಿಟ’ದಂತೆ, ಆದರೆ ಮೊದಲ ಎಣಿಕೆಗೆ ಒತ್ತು. ಸ್ಪರ್ಧೆಯ ವೇಗದಲ್ಲಿ ನಿಮಿಷಕ್ಕೆ 28ರಿಂದ 30 ಆವರ್ತ, ಅಂದರೆ ಒಂದು ‘ತಕಿಟ’ಕ್ಕೆ ಸುಮಾರು ಎರಡು ಸೆಕೆಂಡು. ಲೀಡರ್ ಗೋಡೆಯ ಕಡೆಗೆ ಓರೆಯಾಗಿ ನಿಂತು, ಒಂದಕ್ಕೆ ಎಡಗಾಲನ್ನು ಮುಂದಿಟ್ಟು, ಎರಡಕ್ಕೆ ಬಲಗಾಲನ್ನು ಪಕ್ಕಕ್ಕೆ ಇಟ್ಟು, ಮೂರಕ್ಕೆ ಎಡಗಾಲನ್ನು ಬಲಗಾಲಿನ ಹಿಂದೆ ಅಡ್ಡ ಹಾಕುತ್ತಾರೆ. ಅವರು ನೋಡುವ ದಿಕ್ಕು ಬದಲಾಗುವುದೇ ಇಲ್ಲ. ಫಾಲೋವರ್ ಬಲಗಾಲನ್ನು ಹಿಂದಕ್ಕೆ, ಎಡಗಾಲನ್ನು ಓರೆಯಾಗಿ ಹಿಂದಕ್ಕೆ ಇಟ್ಟು, ಬಲಗಾಲನ್ನು ಎಡಗಾಲಿನ ಹಿಂದೆ ಅಡ್ಡ ಹಾಕುವಷ್ಟರಲ್ಲಿ ಬಲಕ್ಕೆ ಕಾಲು ಸುತ್ತು ತಿರುಗಿ, ಸಭಾಂಗಣದ ನಡುವಿನ ಕಡೆಗೆ ಓರೆಯಾಗಿ ನೋಡುತ್ತಿರುತ್ತಾರೆ. ತೆರೆದುಕೊಳ್ಳುವ ಕೆಲಸವೆಲ್ಲ ಫಾಲೋವರ್‌ನದು, ಲೀಡರ್ ಮೈಯಿಂದ ಕೊಡುವುದು ಸೂಚನೆಯೊಂದನ್ನೇ ಎಂಬುದು ಈ ಮೂರು ಹೆಜ್ಜೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಲ್ಲಿಂದ ಹೊರಬರಲು ಶಾಸೆ ಎಂಬ ಹೆಜ್ಜೆಯಿದೆ. ಎರಡನೇ ಎಣಿಕೆಯನ್ನು ಸೀಳಿ ‘ಒಂದು, ಎರಡು, ಮತ್ತು, ಮೂರು’ ಎಂದು ನಾಲ್ಕು ಹೆಜ್ಜೆಗಳನ್ನು ಮೂರು ಎಣಿಕೆಯೊಳಗೆ ಇಡಬೇಕು. ಮೊದಲನೆಯದು ತೆರೆದ ಬಾಯಿಯೊಳಗೆ ಇಬ್ಬರೂ ತಮ್ಮ ಒಳಗಿನ ಕಾಲನ್ನು, ಲೀಡರ್ ಬಲಗಾಲನ್ನು, ಫಾಲೋವರ್ ಎಡಗಾಲನ್ನು, ಮುಂದಕ್ಕೆ ಅಡ್ಡವಾಗಿ ದಾಟಿಸುವ ಹೆಜ್ಜೆ. ಆಮೇಲೆ ಲೀಡರ್ ಎಡಗಾಲನ್ನು ಪಕ್ಕಕ್ಕಿಟ್ಟು, ಬಲಗಾಲನ್ನು ಸೇರಿಸಿ, ಮತ್ತೆ ಎಡಗಾಲನ್ನು ಪಕ್ಕಕ್ಕಿಡುತ್ತಾರೆ. ಅಷ್ಟರಲ್ಲಿ ಫಾಲೋವರ್ ಎಡಕ್ಕೆ ಕಾಲು ಸುತ್ತು ಮರಳಿ ಪುಸ್ತಕವನ್ನು ಮುಚ್ಚಿರುತ್ತಾರೆ. ದಾಟುವ ಹೆಜ್ಜೆಯಲ್ಲಿ ಫಾಲೋವರ್ ಲೀಡರ್‌ಗಿಂತ ಮುಂದೆ ಓಡಿದರೆ ಲೀಡರ್‌ನ ದಾರಿಯೇ ಮುಚ್ಚಿಹೋಗುತ್ತದೆ. ಇಬ್ಬರ ಸೊಂಟಗಳೂ ಒಟ್ಟಿಗೆ ಸಾಗಬೇಕು.

ಔಟ್‌ಸೈಡ್ ಪಾರ್ಟ್‌ನರ್

ಶಾಸೆ ಮುಗಿದೊಡನೆ ಲೀಡರ್‌ನ ಬಲಗಾಲು ಬಿಡುವಾಗಿರುತ್ತದೆ. ಎಂದಿನಂತೆ ಅದನ್ನು ಫಾಲೋವರ್‌ನ ಕಾಲುಗಳ ನಡುವಿಗೆ ಇಡದೆ ಅವರ ಬಲ ಪಕ್ಕದ ಹೊರಗೆ ಮುಂದಿಡುವುದೇ ಔಟ್‌ಸೈಡ್ ಪಾರ್ಟ್‌ನರ್ ನಿಲುವು. ಫಾಕ್ಸ್‌ಟ್ರಾಟ್‌ನ ಫೆದರ್ ಸ್ಟೆಪ್‌ನ ಮೂರನೇ ಹೆಜ್ಜೆಯೂ ಇದೇ. ಕಾಲು ಹೊರಗೆ ಹೋಗುತ್ತದೆಯೇ ಹೊರತು ಮೈ ಹೊರಗೆ ಹೋಗಬಾರದು. ಪಕ್ಕಕ್ಕೆ ಹಾರಿ ಜಾಗ ಮಾಡಿಕೊಂಡು ಹೆಜ್ಜೆ ಇಟ್ಟರೆ ಇಬ್ಬರ ಸೊಂಟಗಳ ನಡುವೆ ಕಂದಕ ಬೀಳುತ್ತದೆ, ಮೇಲಿನ ತೋಳುಗಳು ಅದನ್ನು ತುಂಬಲು ಎಳೆದಾಡತೊಡಗುತ್ತವೆ. ಕಾಲನ್ನು ತನ್ನದೇ ಇನ್ನೊಂದು ಕಾಲಿನ ಸಾಲಿಗೆ, ಅಥವಾ ಅದನ್ನು ತುಸು ದಾಟುವಂತೆ ಇಟ್ಟರೆ ತೊಡೆಗಳು ಹತ್ತಿರವೇ ಉಳಿಯುತ್ತವೆ. ಈ ಪಾದದ ಇಡುವಿಕೆಗೆ ಕಾಂಟ್ರಾ ಬಾಡಿ ಮೂವ್‌ಮೆಂಟ್ ಪೊಸಿಷನ್ ಎಂಬ ಉದ್ದದ ಹೆಸರಿದೆ. ಕಲಿಯುವ ವಿಧಾನ ಮಾತ್ರ ಸರಳ: ರಂಗೋಲಿ ಪುಡಿಯಿಂದ ನೆಲದ ಮೇಲೆ ಒಂದೇ ಎಳೆ ಎಳೆದು, ಎರಡೂ ಪಾದಗಳನ್ನು ಆ ಎಳೆಯ ಮೇಲೆಯೇ ಇಡುತ್ತ ನಡೆಯಿರಿ, ಎದೆ ಮಾತ್ರ ಸ್ವಲ್ಪ ಓರೆಯಾಗಿರಲಿ. ನೂರು ಹೆಜ್ಜೆ ಹೀಗೆ ಒಬ್ಬರೇ ನಡೆದ ಮೇಲೆ ಜೊತೆಗಾರರೊಡನೆ ನಡೆದು ನೋಡಿ.

ಪ್ರೊಮನಾಡ್ ನಿಲುವಿನಲ್ಲಿಯೇ ಹಿಂದಕ್ಕೆ ಸಾಗಿದರೆ ಅದು ಫಾಲ್‌ಅವೇ. ಲೀಡರ್‌ನ ಎಡ ಪಕ್ಕವೂ ಫಾಲೋವರ್‌ನ ಬಲ ಪಕ್ಕವೂ ಹತ್ತಿರವಾಗಿ, ಬಾಯಿ ಇನ್ನೊಂದು ಕಡೆಗೆ ತೆರೆದರೆ ಕೌಂಟರ್ ಪ್ರೊಮನಾಡ್. ಫಾಲೋವರ್ ಸುತ್ತಿ ಬಂದು ಲೀಡರ್‌ನ ಎಡ ಪಕ್ಕದ ಹೊರಗೆ ನಿಲ್ಲುವುದು ವಿಂಗ್ ಎಂಬ ಹೆಜ್ಜೆಯಲ್ಲಿ. ಇವು ಮೊದಲ ವರ್ಷದ ಪಾಠಗಳಲ್ಲ. ಹೆಸರು ತಿಳಿದಿದ್ದರೆ ಸಾಕು.

ಲ್ಯಾಟಿನ್ ನೃತ್ಯಗಳ ನಿಲುವುಗಳು

ರುಂಬಾ, ಚಾ ಚಾ ಚಾಗಳಲ್ಲಿ ಮೈ ತಾಗಿಸುವ ಪ್ರಮೇಯವಿಲ್ಲ. ಇವುಗಳ ಕ್ಲೋಸ್ಡ್ ಪೊಸಿಷನ್ನಿನಲ್ಲಿ ನಡುವೆ ಸುಮಾರು 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ, ಅಂತರವಿರುತ್ತದೆ. ಓಪನ್ ಪೊಸಿಷನ್ನಿನಲ್ಲಿ ಇಬ್ಬರೂ ತೋಳಳತೆಯ ದೂರದಲ್ಲಿ ಎದುರುಬದುರಾಗಿ ನಿಂತು, ಸಾಮಾನ್ಯವಾಗಿ ಲೀಡರ್‌ನ ಎಡಗೈ ಫಾಲೋವರ್‌ನ ಬಲಗೈಯನ್ನು ಹಿಡಿದಿರುತ್ತದೆ. ದೂರ ಹೆಚ್ಚಾದಷ್ಟೂ ಕೈಯ ಜವಾಬ್ದಾರಿ ಹೆಚ್ಚು, ಆದ್ದರಿಂದ ಮೊಣಕೈಯನ್ನು ಎಂದೂ ಪೂರ್ತಿಯಾಗಿ ನೀಡಬಾರದು. ತುಸು ಬಗ್ಗಿದ ಮೊಣಕೈ ಸೂಚನೆಯನ್ನು ದಾಟಿಸುತ್ತದೆ, ಜೋತುಬಿದ್ದ ಕೈ ಏನನ್ನೂ ದಾಟಿಸುವುದಿಲ್ಲ.

ಇಲ್ಲಿ ಎಚ್ಚರದಿಂದ ಕಲಿಯಬೇಕಾದ ನಿಲುವು ಫ್ಯಾನ್. ಫಾಲೋವರ್ ಲೀಡರ್‌ನ ಎಡಗಡೆಯಲ್ಲಿ, ತೋಳಳತೆಯ ದೂರದಲ್ಲಿ, ಅವರಿಗೆ ಲಂಬಕೋನದಲ್ಲಿ ನಿಂತು ಎಡಗಾಲನ್ನು ಹಿಂದಿಟ್ಟು ಅದರ ಮೇಲೆ ಭಾರ ಹೊತ್ತಿರುತ್ತಾರೆ. ಹಾಕಿ ಸ್ಟಿಕ್, ಅಲೆಮಾನಾ ಎಂಬ ಹೆಜ್ಜೆಗಳು ಹೊರಡುವುದು ಇಲ್ಲಿಂದ. ಫಾಲೋವರ್ ಲೀಡರ್‌ನ ಭುಜದ ಸಾಲಿಗಿಂತ ಹಿಂದೆ ಹೋದರೆ ಲೀಡರ್‌ನ ಎಡ ತೋಳು ಹಿಂದಕ್ಕೆ ತಿರುಚಿಕೊಂಡು, ಮುಂದಿನ ಹೆಜ್ಜೆಗೆ ಕರೆಯುವ ಬಲವನ್ನೇ ಕಳೆದುಕೊಳ್ಳುತ್ತದೆ. ಲೀಡರ್ ಕತ್ತನ್ನಷ್ಟೇ ತಿರುಗಿಸಿದಾಗ ಕೂಡಿದ ಕೈಗಳೂ ಫಾಲೋವರ್‌ನ ಮುಖವೂ ಕಾಣುತ್ತಿದ್ದರೆ ನಿಲುವು ಸರಿಯಾಗಿದೆ. ನ್ಯೂಯಾರ್ಕ್ ಎಂಬ ಹೆಜ್ಜೆಯಲ್ಲಿ ಲೀಡರ್ ಬಲಕ್ಕೆ, ಫಾಲೋವರ್ ಎಡಕ್ಕೆ ತಿರುಗಿ, ಕೂಡಿದ ಕೈಗಳನ್ನು ಮುಂದೆ ಚಾಚಿ ಪಕ್ಕಪಕ್ಕಕ್ಕೆ ಬರುತ್ತಾರೆ. ಅಲ್ಲಿ ಬೆನ್ನಿಗೆ ಬೆನ್ನು ಬರುವಷ್ಟು ತಿರುಗದೆ, ಇಬ್ಬರೂ ಒಬ್ಬರ ಅರಿವಿಗೆ ಇನ್ನೊಬ್ಬರು ಇರುವಂತೆ ನಿಲ್ಲುವುದು ಮುಖ್ಯ.

ಶ್ಯಾಡೋ ಪೊಸಿಷನ್ನಿನಲ್ಲಿ ಇಬ್ಬರೂ ಒಂದೇ ಕಡೆಗೆ ಮುಖ ಮಾಡಿರುತ್ತಾರೆ. ಫಾಲೋವರ್ ತುಸು ಮುಂದೆ, ಹೆಚ್ಚಾಗಿ ಲೀಡರ್‌ನ ಬಲಕ್ಕೆ ನಿಂತಿರುತ್ತಾರೆ. ಎದುರುಬದುರು ನಿಲುವುಗಳಲ್ಲಿ ಒಬ್ಬರ ಎಡಗಾಲಿಗೆ ಇನ್ನೊಬ್ಬರ ಬಲಗಾಲು ಜೊತೆಯಾಗುತ್ತದೆ. ಇಲ್ಲಿ ಇಬ್ಬರೂ ಒಂದೇ ಕಾಲಿನಲ್ಲಿ ಕುಣಿಯಬಹುದು, ಅದಕ್ಕಾಗಿ ಒಬ್ಬರು ಒಂದು ಹೆಜ್ಜೆಯನ್ನು ತಡೆದು ಕಾಲು ಬದಲಿಸಬೇಕಾಗುತ್ತದೆ. ವಾಲ್ಟ್ಸ್, ಟ್ಯಾಂಗೋ, ಫಾಕ್ಸ್‌ಟ್ರಾಟ್‌ಗಳು ಸೇರಿದ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಎಂಬ ಸ್ಪರ್ಧಾ ಪದ್ಧತಿಯ ಐದು ನೃತ್ಯಗಳಲ್ಲಿ ಹಿಡಿತ ಬಿಡುವಂತಿಲ್ಲವಾದ್ದರಿಂದ ಅಲ್ಲಿ ಈ ನಿಲುವಿಗೆ ಜಾಗವಿಲ್ಲ. ಸಾಗುವ ನೃತ್ಯಗಳನ್ನು ಹಿಡಿತ ಬಿಟ್ಟೂ ಕುಣಿಯಬಹುದಾದ ಅಮೆರಿಕನ್ ಸ್ಮೂತ್ ಪದ್ಧತಿಯಲ್ಲಿಯೂ ಲ್ಯಾಟಿನ್‌ನಲ್ಲಿಯೂ ಇದೆ.

ಮನೆಯಲ್ಲಿ ಅಭ್ಯಾಸ ಮಾಡುವವರಿಗೆ

30×40 ಸೈಟಿನ ಮನೆಯ ಹಾಲ್‌ನಲ್ಲಿ ಸೋಫಾವನ್ನು ಗೋಡೆಗೆ ಸರಿಸಿದರೆ ವಿಸ್ಕ್, ಶಾಸೆ ಮತ್ತು ಒಂದು ಔಟ್‌ಸೈಡ್ ಹೆಜ್ಜೆಗೆ ಬೇಕಾದಷ್ಟು ಜಾಗ ಸಿಗುತ್ತದೆ. ಸ್ಪರ್ಧೆಯ ವೇಗದಲ್ಲಿ ಈ ಮೂರೂ ಸೇರಿ ಆರು ಸೆಕೆಂಡಿನ ಕೆಲಸ, ಆದರೆ ಮೂರು ನಿಲುವುಗಳು ಅದರೊಳಗಿವೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಪಾದ ತಿರುಗಿಸಲು ಬಹಳ ಚೆನ್ನ. ನುಣುಪಾದ ಟೈಲ್ಸ್ ಮೇಲೆ ಕಾಲುಚೀಲ ಹಾಕಿಕೊಂಡು ಕುಣಿಯಬೇಡಿ, ಜಾರಿ ಬೀಳುತ್ತೀರಿ. ತಾರಸಿಯ ಒರಟು ಸಿಮೆಂಟಿನ ಮೇಲೆ ಪಾದ ತಿರುಗದೆ ಮೊಣಕಾಲು ತಿರುಚಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ರಂಗೋಲಿ ಎಳೆಯ ಮೇಲಿನ ನಡಿಗೆಯನ್ನಷ್ಟೇ ಮಾಡಿ. ಮೊದಲು ಕೈಗಳಿಲ್ಲದೆ, ಆಮೇಲೆ ಅಂಗೈಗೆ ಅಂಗೈ ಮಾತ್ರ ತಾಗಿಸಿ, ಕೊನೆಗೆ ಪೂರ್ಣ ಹಿಡಿತದಲ್ಲಿ ಮಾಡಿ. ಪ್ರತಿ ಹೆಜ್ಜೆಯ ಕೊನೆಯಲ್ಲಿ ನಿಂತು ಇಬ್ಬರೂ ತಮ್ಮ ನಿಲುವಿನ ಹೆಸರನ್ನು ಬಾಯಿಬಿಟ್ಟು ಹೇಳಿ. ಇಬ್ಬರ ಬಾಯಲ್ಲಿಯೂ ಬೇರೆ ಬೇರೆ ಹೆಸರು ಬಂದರೆ ತಪ್ಪು ಎಲ್ಲಿದೆಯೆಂದು ಆಗಲೇ ತಿಳಿಯುತ್ತದೆ, ಜಗಳಕ್ಕೆ ಕಾರಣವಿರುವುದಿಲ್ಲ.

ರಿಸೆಪ್ಷನ್‌ಗಾಗಿ ಕಲಿಯುತ್ತಿರುವವರಿಗೆ ಇನ್ನೊಂದು ಮಾತು. ಛತ್ರದಲ್ಲಿ ಕುಣಿಯುವಾಗ ಫೋಟೋ ತೆಗೆಯುವವರು “ಸರ್, ಮೇಡಂ, ಈ ಕಡೆ ನೋಡಿ” ಎಂದು ಕರೆದೇ ಕರೆಯುತ್ತಾರೆ, ಇಬ್ಬರ ತಲೆಯೂ ಆ ಕಡೆ ಹೊರಳುತ್ತದೆ, ತಲೆಯ ಹಿಂದೆಯೇ ಭುಜ ಹೋಗಿ ನಿಲುವು ಕುಸಿಯುತ್ತದೆ. ಮೊದಲೇ ಅವರನ್ನು ಕರೆದು, ನೀವು ಸಾಗುವ ದಿಕ್ಕಿನ ತುದಿಯಲ್ಲಿ, ಸ್ವಲ್ಪ ಒಳಕ್ಕೆ ನಿಲ್ಲಲು ಹೇಳಿ. ವಿಸ್ಕ್‌ನ ಮೂರನೇ ಎಣಿಕೆಗೆ ಪ್ರೊಮನಾಡ್‌ನ ಬಾಯಿ ಅವರ ಕಡೆಗೇ ತೆರೆದುಕೊಂಡು, ಇಬ್ಬರ ಮುಖವೂ ಅವರಿಗೆ ತಾನಾಗಿ ಸಿಗುತ್ತದೆ. ಬೇಕಾದರೆ ಅಲ್ಲಿ ಒಂದು ಆವರ್ತದ ಮಟ್ಟಿಗೆ ಹಾಗೆಯೇ ನಿಂತು, ಮುಂದಿನ ಒಂದಕ್ಕೆ ಒಳಗಿನ ಕಾಲನ್ನು ದಾಟಿಸಿ ಮುಂದುವರಿಯಿರಿ.